ಉಣ್ಣಲ್ಲ ಅನ್ನುವ ಕೂಸಿನ ಹೊಟ್ಟೆ ಏನು ಹೇಳುತ್ತಿದೆ

ಹೊನ್ನೂರಿನಲ್ಲಾಗಲಿ, ಸುತ್ತಲಿನ ಯಳಂದೂರು, ಕೊಳ್ಳೇಗಾಲ, ಹನೂರಿನ ಯಾವ ಬೀದಿಯಲ್ಲಾಗಲಿ, ದೀಪ ಹಚ್ಚುವ ಹೊತ್ತಿಗೆ ಈ ನೋಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಪಕ್ಕದ ಮನೆಗೆ ಓಡುವ ಮಗು. ಅದರ ಹಿಂದೆ ಬಟ್ಟಲು ಹಿಡಿದ ತಾಯಿ, ಇಲ್ಲವೆ ಅಜ್ಜಿ. ಕಲಸಿದ ಅನ್ನ ಆರಿ ಗಟ್ಟಿಯಾಗಿದೆ. “ಇದೊಂದು ತುತ್ತು ಉಣ್ಣು ಕೂಸೇ, ಇದೇ ಕೊನೇದು” ಎಂಬ ಮಾತು ಹತ್ತು ಸಲ ಆಗಿದೆ, “ಬ್ಯಾಡ ಕನವ್ವ” ಎಂಬ ಉತ್ತರವೂ ಅಷ್ಟೇ ಸಲ. ಕೊನೆಗೆ ಮೊಬೈಲಿನಲ್ಲಿ ಹಾಡು ಹಾಕಿ ಕೊಟ್ಟಾಗ ಬಾಯಿ ತೆರೆದುಕೊಳ್ಳುತ್ತದೆ. ಅದೂ ನಡೆಯದ ದಿನ, ಉಂಡರೆ ಅಂಗಡಿಯಿಂದ ಐದು ರೂಪಾಯಿಯ ಪ್ಯಾಕೆಟ್ ಕೊಡಿಸುತ್ತೇನೆ ಎಂಬ ಒಪ್ಪಂದವಾಗುತ್ತದೆ.

ಮಾರನೆಯ ದಿನ ಅಂಗನವಾಡಿಯ ಬಾಗಿಲಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಅದೇ ತಾಯಿ ಹೇಳುತ್ತಾರೆ: “ನಮ್ಮ ಮಗ ಏನಂದ್ರೆ ಏನೂ ತಿನ್ನಲ್ಲ.”

ಈ ಮಾತಿನ ಹಿಂದಿರುವ ಭಯ ಸಣ್ಣದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಂಬಲಿ ಕಾಯಿಸಿ ಮಕ್ಕಳನ್ನು ಉಳಿಸಿಕೊಂಡ ಅಜ್ಜಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ತಟ್ಟೆಯಲ್ಲಿ ಅನ್ನ ಉಳಿಯುವುದನ್ನು ಅವರು ನೋಡಿಕೊಂಡು ಸುಮ್ಮನಿರಲಾರರು. ಹೊಲದ ಕೂಲಿಯೋ ರೇಷ್ಮೆ ಮನೆಯ ಕೆಲಸವೋ ಮುಗಿಸಿ ಬಂದು, ತಮ್ಮ ಹೊಟ್ಟೆಗೆ ಇನ್ನೂ ಏನೂ ಹಾಕಿಕೊಳ್ಳದೆ, ಮಗುವಿನ ಹಿಂದೆ ಗಂಟೆಗಟ್ಟಲೆ ಬಟ್ಟಲು ಹಿಡಿದು ಅಲೆಯುವವರಿಗೆ ಪ್ರೀತಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಇಲ್ಲಿ ನಾವು ವಿಚಾರ ಮಾಡಬೇಕಿರುವುದು ಉಣಿಸುವ ಕ್ರಮದ ಬಗ್ಗೆ ಮಾತ್ರ. ಅದಕ್ಕೂ ಮೊದಲು, ಮಗು ಯಾಕೆ ಬೇಡ ಎನ್ನುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಕಾರಣ ಗೊತ್ತಾದರೆ ಪರಿಹಾರದ ಅರ್ಧ ದಾರಿ ತಾನಾಗಿ ಸವೆಯುತ್ತದೆ.

ತೂಕದ ಲೆಕ್ಕದಿಂದ ಆರಂಭಿಸೋಣ. ಹುಟ್ಟುವಾಗ ಸುಮಾರು 3 ಕೆ.ಜಿ. ಇರುವ ಕೂಸು ಐದಾರು ತಿಂಗಳಿಗೆ ಅದರ ಎರಡರಷ್ಟಾಗುತ್ತದೆ, ವರ್ಷ ತುಂಬುವಾಗ ಮೂರರಷ್ಟಾಗುತ್ತದೆ. ಒಂದೇ ವರ್ಷದಲ್ಲಿ 6 ಕೆ.ಜಿ. ಏರಿತು. ಎರಡನೆಯ ವರ್ಷದಲ್ಲಿ ಏರುವುದು ಎರಡೂವರೆ ಕೆ.ಜಿ. ಆಸುಪಾಸು. ಅಲ್ಲಿಂದ ಶಾಲೆಗೆ ಸೇರುವ ವಯಸ್ಸಿನವರೆಗೆ ವರ್ಷಕ್ಕೆ ಸುಮಾರು 2 ಕೆ.ಜಿ. ಮಾತ್ರ. ಅಂದರೆ ಮಗು ನಡೆಯಲು, ಮಾತಾಡಲು, ಹಟ ಮಾಡಲು ಕಲಿಯುವ ಹೊತ್ತಿಗೆ ಸರಿಯಾಗಿ ಅದರ ಬೆಳವಣಿಗೆಯ ವೇಗ ತಗ್ಗುತ್ತದೆ. ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಹತ್ತು ತಿಂಗಳಿದ್ದಾಗ ಬಟ್ಟಲು ತುಂಬ ಸರಿ ತಿನ್ನುತ್ತಿದ್ದ ಕೂಸು ಎರಡು ವರ್ಷಕ್ಕೆ ನಾಲ್ಕು ತುತ್ತಿಗೆ ಮುಖ ತಿರುಗಿಸಿದರೆ ಏನೋ ಕೆಟ್ಟಿತು ಎಂದು ಮನೆಯವರಿಗೆ ಅನ್ನಿಸುತ್ತದೆ. ಬಹುಪಾಲು ಮಕ್ಕಳಲ್ಲಿ ಏನೂ ಕೆಟ್ಟಿರುವುದಿಲ್ಲ. ದೇಹ ತನ್ನ ಬೇಡಿಕೆಯನ್ನು ತಾನೇ ಇಳಿಸಿಕೊಂಡಿರುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಮಕ್ಕಳ ಊಟ ಹೊತ್ತಿನಿಂದ ಹೊತ್ತಿಗೆ ಏರುಪೇರಾಗುವುದು ಸಹಜ. ಅಮೆರಿಕದ ಲಿಯಾನ್ ಬರ್ಚ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 2ರಿಂದ 5 ವರ್ಷದ 15 ಮಕ್ಕಳು ಆರು ದಿನ ಏನೇನು ತಿಂದರು ಎಂಬುದನ್ನು ತೂಗಿ ಅಳೆದು 1991ರಲ್ಲಿ ಪ್ರಕಟಿಸಿದರು. ಒಂದೊಂದು ಹೊತ್ತಿನ ಊಟ ನೋಡಿದರೆ ಭಾರಿ ವ್ಯತ್ಯಾಸ. ಒಂದು ಹೊತ್ತು ಹೆಚ್ಚು ತಿಂದ ಮಗು ಮುಂದಿನ ಹೊತ್ತು ಮುಟ್ಟಿ ಬಿಟ್ಟಂತೆ ಮಾಡುತ್ತಿತ್ತು. ಆದರೆ ಇಡೀ ದಿನದ ಮೊತ್ತ ಕೂಡಿಸಿದಾಗ ದಿನದಿಂದ ದಿನಕ್ಕೆ ಇದ್ದ ಏರುಪೇರು ನೂರಕ್ಕೆ ಹತ್ತರಷ್ಟು ಮಾತ್ರ. ಮಗುವಿನ ಒಳಗೊಂದು ತಕ್ಕಡಿ ಇದೆ, ಅದು ತೂಗುವುದು ದಿನದ ಲೆಕ್ಕವನ್ನು. ನಾವು ನೋಡುವುದು ಈ ಹೊತ್ತಿನ ತಟ್ಟೆಯನ್ನು. ಜಗಳ ಹುಟ್ಟುವುದು ಈ ಎರಡು ಅಳತೆಗಳ ನಡುವೆ.

ಎರಡನೆಯ ಕಾರಣ, ಹೊಸ ರುಚಿಯ ಅಂಜಿಕೆ. ವಿಜ್ಞಾನದಲ್ಲಿ ಇದಕ್ಕೆ ‘ನಿಯೋಫೋಬಿಯಾ’ ಎನ್ನುತ್ತಾರೆ. ಎರಡರಿಂದ ಆರು ವರ್ಷದ ನಡುವೆ ಇದು ಜೋರಾಗಿರುತ್ತದೆ. ಮಗು ಕಾಲಮೇಲೆ ನಿಂತು ಅಮ್ಮನ ಕಣ್ಣು ತಪ್ಪಿಸಿ ಬೇಲಿಯತ್ತ ಹೋಗಬಲ್ಲ ವಯಸ್ಸು ಅದು. ಕಂಡ ಎಲೆ, ಕಂಡ ಕಾಯಿ ಬಾಯಿಗೆ ಹಾಕಿಕೊಂಡರೆ ಉಳಿಯುವುದು ಕಷ್ಟ ಎಂದು ಪ್ರಕೃತಿಯೇ ಇಟ್ಟ ಕಾವಲು ಇದು ಎಂದು ಅನೇಕ ತಜ್ಞರು ಹೇಳುತ್ತಾರೆ. ಸೊಪ್ಪಿನ ಕಹಿ, ಸೊಪ್ಪಿನ ಹಸಿರು ಬಣ್ಣ ಈ ಕಾವಲುಗಾರನ ಕಣ್ಣಿಗೆ ಮೊದಲು ಬೀಳುತ್ತವೆ. ಸಿಹಿಗೆ ಅವನು ಬಾಗಿಲು ತೆರೆದೇ ಇಟ್ಟಿರುತ್ತಾನೆ. ಹಾಗಾಗಿ ದಂಟಿನ ಸೊಪ್ಪು ಬೇಡ, ಬಿಸ್ಕತ್ತು ಬೇಕು ಎನ್ನುವ ಮಗು ಕೆಟ್ಟ ಬುದ್ಧಿ ಕಲಿತಿದೆ ಎಂದೇನಲ್ಲ.

ಈ ಕಾವಲನ್ನು ಬೈದು, ಹೊಡೆದು ಮುರಿಯಬಾರದು ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ನೋವಿನ ನೆನಪಿದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತಿದ್ದ ಪ್ರಸಾದ ತಿಂದು ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಬೆರೆಸಿದ್ದು ಬೆಳೆಗೆ ಹೊಡೆಯುವ ಕೀಟನಾಶಕ. ಪ್ರಸಾದದ ವಾಸನೆ ಸರಿಯಿರಲಿಲ್ಲ ಎಂದು ಬದುಕುಳಿದ ಕೆಲವರು ಆಗ ಹೇಳಿದ್ದರು. ಅದು ಬೇಕೆಂದೇ ಮಾಡಿದ ಅಪರಾಧ, ಮನೆಯ ಅಡುಗೆಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ತಂದೆತಾಯಿಯಾಗಿ ನಾವು ಅದರಿಂದ ಎತ್ತಿಕೊಳ್ಳಬೇಕಾದ ವಿಷಯ ಒಂದಿದೆ. “ಇದು ಒಂಥರಾ ವಾಸ್ನೆ ಬತ್ತದೆ” ಎಂದು ಮಗು ಹೇಳಿದಾಗ, ಬಾಯಿ ಮುಚ್ಚಿಕೊಂಡು ಉಣ್ಣು ಎನ್ನುವ ಮೊದಲು ಒಮ್ಮೆ ನಾವೇ ಮೂಸಿ ನೋಡಬೇಕು. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಬರೀ ನೆಪವಾಗಿರಬಹುದು. ಆದರೆ ತನ್ನ ಮೂಗನ್ನು, ನಾಲಿಗೆಯನ್ನು ನಂಬುವ ಮಗು ದಾರಿಯಲ್ಲಿ ಯಾರೋ ಕೊಟ್ಟದ್ದನ್ನು ತಿನ್ನುವ ಮುಂಚೆಯೂ ಒಂದು ಗಳಿಗೆ ನಿಲ್ಲುತ್ತದೆ. ಇದೇ ಮಾತಿಗೆ ಸೇರಿಸಿ ಹೇಳಿಬಿಡುತ್ತೇನೆ: ಬೆಳೆಗೆ ಹೊಡೆಯುವ ಔಷಧಿ ಅಡುಗೆ ಮನೆಯ ಅಟ್ಟದಲ್ಲಿ, ದವಸದ ಮೂಟೆಯ ಪಕ್ಕದಲ್ಲಿ ಇರಕೂಡದು. ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿ ಇಡುವುದಂತೂ ಎಂದಿಗೂ ಬೇಡ. ಮಗುವಿನ ಕಣ್ಣಿಗೆ ಅದು ಜ್ಯೂಸೇ. ಔಷಧಿ ಅದರದೇ ಡಬ್ಬದಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮನೆಯಿಂದ ಹೊರಗೆ ಇರಲಿ.

ಮೂರನೆಯ ಕಾರಣ ತೀರಾ ಸಾಮಾನ್ಯ, ಆದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ: ಊಟದ ಹೊತ್ತಿಗೆ ಹೊಟ್ಟೆ ಖಾಲಿ ಇರುವುದಿಲ್ಲ. ಮೂರು ವರ್ಷದ ಒಂದು ಮಗುವಿನ ದಿನವನ್ನು ಬರೆದು ನೋಡಿ. ಬೆಳಗ್ಗೆ ಎದ್ದ ತಕ್ಷಣ ಅಜ್ಜಿಯ ಟೀಯಲ್ಲಿ ಅದ್ದಿದ ನಾಲ್ಕು ಬಿಸ್ಕತ್ತು. ಹತ್ತು ಗಂಟೆಗೆ ಪಕ್ಕದ ಮನೆಯಲ್ಲಿ ಬನ್ನು. ಹನ್ನೊಂದೂವರೆಗೆ ಅತ್ತಿತೆಂದು ಅಂಗಡಿಯ ಪ್ಯಾಕೆಟ್. ಒಂದು ಗಂಟೆಗೆ ಊಟಕ್ಕೆ ಕರೆದರೆ ಬೇಡ. ಊಟ ಮಾಡಲಿಲ್ಲವಲ್ಲ ಎಂದು ಮೂರು ಗಂಟೆಗೆ ಒಂದು ಲೋಟ ಹಾಲು, ಮತ್ತೆ ಬಿಸ್ಕತ್ತು. 50 ಗ್ರಾಂ ಬಿಸ್ಕತ್ತಿನಲ್ಲಿ ಸುಮಾರು 225 ಕ್ಯಾಲೊರಿ ಇರುತ್ತದೆ. ಕ್ಯಾಲೊರಿ ಎಂದರೆ ಆಹಾರದಿಂದ ದೇಹಕ್ಕೆ ಸಿಗುವ ಶಕ್ತಿಯ ಅಳತೆ. ಆ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು 1,100ರ ಆಸುಪಾಸು. ಅಂದರೆ ಒಂದು ಚಿಕ್ಕ ಪ್ಯಾಕೆಟ್ ಬಿಸ್ಕತ್ತು ದಿನದ ಐದನೆಯ ಒಂದು ಭಾಗವನ್ನು ಸದ್ದಿಲ್ಲದೆ ನುಂಗಿಹಾಕಿತು. ಮಗು ಏನೂ ತಿನ್ನುತ್ತಿಲ್ಲ ಎಂದು ನಾವು ಹೇಳುತ್ತಿದ್ದೇವೆ. ಅದು ದಿನವಿಡೀ ತಿನ್ನುತ್ತಿದೆ, ಊಟವನ್ನು ಮಾತ್ರ ಬಿಟ್ಟಿದೆ.

ಶಾಲೆಗೆ ಹೋಗುವ ಮಕ್ಕಳ ವಿಷಯದಲ್ಲಿ ಈ ಲೆಕ್ಕ ಇನ್ನೊಂದು ರೀತಿ. ಕ್ಷೀರಭಾಗ್ಯದ ಹಾಲು 2013ರಿಂದ ಇದೆ, ಅಕ್ಷರ ದಾಸೋಹದ ಬಿಸಿಯೂಟ ಅದಕ್ಕೂ ಹಳೆಯದು, ಈಗ ಮೊಟ್ಟೆಯೂ ಬಂದಿದೆ, 2024ರಿಂದ ರಾಗಿ ಮಾಲ್ಟ್ ಕೂಡ ಕೊಡುತ್ತಿದ್ದಾರೆ. ಶಾಲೆಯಲ್ಲಿ ಹೊಟ್ಟೆ ತುಂಬ ಉಂಡು ಬಂದ ಹುಡುಗ ನಾಲ್ಕೂವರೆಗೆ ಮನೆಯಲ್ಲಿ ಅನ್ನ ಬೇಡ ಎಂದರೆ ಅದು ಕಾಯಿಲೆಯಲ್ಲ. “ಇವತ್ತು ಶಾಲೇಲಿ ಏನು ಕೊಟ್ರು?” ಎಂದು ಕೇಳಿದರೆ ಸಾಕು, ಎಷ್ಟೋ ಆತಂಕ ಅಲ್ಲೇ ಇಳಿಯುತ್ತದೆ.

ಅಂಗಡಿಯ ಪ್ಯಾಕೆಟ್ಟಿನ ಬಗ್ಗೆ ಒಂದು ಮಾತು. ಅದು ಕೇವಲ ತಿಂಡಿಯಾಗಿ ಉಳಿದಿಲ್ಲ. ದುಡಿಮೆಗೆಂದು ಬೆಂಗಳೂರಿಗೋ ತಿರುಪ್ಪೂರಿಗೋ ಹೋದ ಅಪ್ಪ ವಾರಕ್ಕೊಮ್ಮೆ ಬರುವಾಗ ಕೈಯಲ್ಲಿ ಹಿಡಿದು ಬರುವುದು ಅದನ್ನೇ. ಸೋದರಮಾವ ಬಂದರೂ ಅದೇ. ಹಿಂದೆ ಇದೇ ಜಾಗದಲ್ಲಿ ಕಡ್ಲೆಪುರಿ ಇತ್ತು, ಸಂತೆಯಿಂದ ತಂದ ಬಾಳೆಹಣ್ಣಿತ್ತು, ಸೀಬೆಹಣ್ಣಿತ್ತು. ಮಗು ಕಾಯುವುದು ಅಪ್ಪ ಬರುವುದನ್ನು, ಪ್ಯಾಕೆಟ್ಟು ಅದರ ಗುರುತಾಗಿಬಿಟ್ಟಿದೆ. ಅಪ್ಪಂದಿರಲ್ಲಿ ನನ್ನ ಬೇಡಿಕೆ ಇಷ್ಟೆ: ಗುರುತು ಬದಲಾಗಲಿ. ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದ ಅಪ್ಪನನ್ನೂ ಮಗು ಅಷ್ಟೇ ಜೋರಾಗಿ ಓಡಿಬಂದು ಅಪ್ಪಿಕೊಳ್ಳುತ್ತದೆ.

ಇನ್ನು ನಾಲ್ಕನೆಯ ಕಾರಣ. ಇದನ್ನು ಹೇಳುವುದು ಸ್ವಲ್ಪ ಕಷ್ಟ, ಯಾಕೆಂದರೆ ಇದು ನಮ್ಮ ಒತ್ತಾಯದ್ದೇ ಫಲ. ಮೇಲೆ ಹೇಳಿದ ಬರ್ಚ್ ಅವರ ತಂಡವೇ 1984ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತ್ತು. ಮಕ್ಕಳಿಗೆ ಒಂದು ಹೊಸ ಪಾನೀಯ ಕೊಟ್ಟರು. ಕೆಲವು ಮಕ್ಕಳಿಗೆ ಕುಡಿದರೆ ಬಹುಮಾನ, ಇನ್ನು ಕೆಲವರಿಗೆ ಕುಡಿದರೆ ಹೊಗಳಿಕೆ, ಉಳಿದವರಿಗೆ ಏನೂ ಇಲ್ಲ, ಸುಮ್ಮನೆ ಕೊಟ್ಟರು. ಕೆಲವು ದಿನಗಳ ಮೇಲೆ ಕೇಳಿದಾಗ ಬಹುಮಾನ, ಹೊಗಳಿಕೆ ಪಡೆದವರಿಗೆ ಆ ಪಾನೀಯದ ಮೇಲಿನ ಇಷ್ಟ ಮೊದಲಿಗಿಂತ ಇಳಿದಿತ್ತು. ಸುಮ್ಮನೆ ಕುಡಿದವರಲ್ಲಿ ಹಾಗಾಗಲಿಲ್ಲ. ಮಗುವಿನ ತರ್ಕ ನೇರವಾಗಿದೆ: ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ರುಚಿಯಾಗಿರಲು ಸಾಧ್ಯವಿಲ್ಲ, ಲಂಚವಾಗಿ ಬಂದದ್ದೇ ರುಚಿಯಾದದ್ದು. ಅನ್ನ ಉಂಡರೆ ಪ್ಯಾಕೆಟ್ ಎಂದಾಗ ನಾವು ಕಲಿಸುತ್ತಿರುವುದು ಇದನ್ನೇ.

ಮೊಬೈಲ್ ತೋರಿಸಿ ಉಣಿಸುವುದರ ತೊಂದರೆ ಬೇರೆ. ಪರದೆಯೊಳಗೆ ಮುಳುಗಿದ ಮಗು ಬಾಯಿ ತೆರೆಯುತ್ತದೆ, ನಿಜ. ಆದರೆ ಏನು ಉಂಡೆ, ಹೊಟ್ಟೆ ತುಂಬಿತೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಒಳಗಿನ ತಕ್ಕಡಿಯನ್ನು ನಾವೇ ನಿಲ್ಲಿಸಿದಂತಾಯಿತು. ಇನ್ನು ಕೈಕಾಲು ಹಿಡಿದು, ಮೂಗು ಒತ್ತಿ, ಅಳುವಾಗ ಬಾಯಿಗೆ ತುರುಕುವುದು ಅಪಾಯವೇ ಸರಿ. ಅಳುವ ಮಗು ಉಸಿರನ್ನು ಜೋರಾಗಿ ಎಳೆಯುತ್ತದೆ, ತುತ್ತು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯಬಹುದು. ಇದೇ ಕಾರಣಕ್ಕೆ ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಕಡ್ಲೆಕಾಯಿ ಬೀಜ, ಹುರಿಗಡಲೆ ಕೊಡಬೇಡಿ. ಕುಟ್ಟಿ ಪುಡಿಮಾಡಿ ಕೊಡಿ.

ಐದನೆಯದು, ನಿಜವಾಗಿಯೂ ದೇಹದಲ್ಲಿ ತೊಂದರೆ ಇರುವುದು. ಮಕ್ಕಳ ಹಸಿವನ್ನು ಸದ್ದಿಲ್ಲದೆ ತಿಂದುಹಾಕುವುದರಲ್ಲಿ ರಕ್ತಹೀನತೆಯೇ ಮೊದಲು. ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಕಬ್ಬಿಣಾಂಶ ಕಡಿಮೆಯಾದರೆ ಹಸಿವು ಮಂಕಾಗುತ್ತದೆ, ಹಸಿವಿಲ್ಲದೆ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದರೆ ಕಬ್ಬಿಣಾಂಶ ಮತ್ತೂ ಇಳಿಯುತ್ತದೆ. ಈ ಸುತ್ತಿನಲ್ಲಿ ಸಿಕ್ಕ ಮಗುವನ್ನು ಎಷ್ಟು ಬೈದರೂ ಉಣ್ಣಲಾರದು. ಮಣ್ಣು, ಸೀಮೆಸುಣ್ಣ, ಗೋಡೆಯ ಗಾರೆ ತಿನ್ನುವ ಚಟವೂ ಹಲವು ಸಲ ಇದರದೇ ಲಕ್ಷಣ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಐದು ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ, 1 ಮಿ.ಲೀ. ಲೆಕ್ಕದಲ್ಲಿ. ಮಲ ಕಪ್ಪಾಯಿತೆಂದು ಹೆದರಿ ಅದನ್ನು ಮೂಲೆಗಿಟ್ಟ ಮನೆಗಳು ಬಹಳ. ಕಪ್ಪಾಗುವುದು ಸಹಜ, ಕೆಡುಕಿಲ್ಲ. ಜಂತುಹುಳುವಿನ ಮಾತ್ರೆಯೂ ಹಾಗೆಯೇ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹುಳುಕು ಹಲ್ಲು, ಬಾಯಿಹುಣ್ಣು, ಮಲಬದ್ಧತೆ ಇವು ಕೂಡ ಊಟ ಕೆಡಿಸುತ್ತವೆ. ಮೂರು ದಿನ ಹೊಟ್ಟೆ ಹೋಗದ ಮಗುವಿಗೆ ಯಾವ ರುಚಿಯೂ ರುಚಿಯಲ್ಲ.

ಕಣ್ಣು ತಾಗಿದೆ ಎಂದು ಅಜ್ಜಿ ದೃಷ್ಟಿ ತೆಗೆದರೆ ತೆಗೆಯಲಿ, ಅದರಿಂದ ಹಾನಿಯಿಲ್ಲ, ಅಜ್ಜಿಯ ಮನಸ್ಸಿಗೂ ನೆಮ್ಮದಿ. ಆದರೆ ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಪರೀಕ್ಷೆಯೂ ಆಗಿಬಿಡಲಿ.

ಈಗ ಕ್ರಮದ ಮಾತು. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಪಥ್ಯತಜ್ಞೆ ಊಟದ ಜವಾಬ್ದಾರಿಯನ್ನು ಎರಡು ಪಾಲು ಮಾಡಿದರು. ಏನು ಬಡಿಸುವುದು, ಯಾವ ಹೊತ್ತಿಗೆ, ಎಲ್ಲಿ ಕೂತು, ಇದು ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು, ಇದು ಮಗುವಿನ ಪಾಲು. ನಮ್ಮ ಮನೆಗಳಲ್ಲಿ ಈ ಪಾಲು ಅದಲುಬದಲಾಗಿದೆ. ಏನು ಬೇಕು ಎಂದು ಮಗು ಹೇಳುತ್ತದೆ, ಎಷ್ಟು ತಿನ್ನಬೇಕು ಎಂದು ನಾವು ಹಟ ಹಿಡಿಯುತ್ತೇವೆ. ಅದನ್ನು ಮತ್ತೆ ಸರಿಯಾದ ಕೈಗೆ ಒಪ್ಪಿಸಬೇಕು. ಕೇಳಲು ಸುಲಭ, ಮಾಡಲು ಮೊದಲ ವಾರ ಬಹಳ ಕಷ್ಟ. ಯಾಕೆಂದರೆ ಮಗು ಎರಡೇ ತುತ್ತು ತಿಂದು ಎದ್ದಾಗ ನಾವು ಸುಮ್ಮನೆ ತಟ್ಟೆ ಎತ್ತಿಡಬೇಕು.

ಹೊತ್ತು ಕಟ್ಟುವುದೇ ಇದರ ಬುನಾದಿ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಎರಡರ ನಡುವೆ ಎರಡೂವರೆಯಿಂದ ಮೂರು ಗಂಟೆ ಬಿಡುವು. ಆ ಬಿಡುವಿನಲ್ಲಿ ನೀರು ಬಿಟ್ಟು ಬೇರೇನೂ ಇಲ್ಲ. ಹಾಲು ದಿನಕ್ಕೆ ಅರ್ಧ ಲೀಟರು ದಾಟುವುದು ಬೇಡ, ದಾಟಿದರೆ ಅದೇ ಊಟವನ್ನು ಹೊರಗೆ ತಳ್ಳುತ್ತದೆ. ಟೀ ಮಕ್ಕಳಿಗೆ ಬೇಡವೇ ಬೇಡ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ದೊಡ್ಡವರೂ ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಟೀ ಬಿಟ್ಟರೆ ಒಳ್ಳೆಯದು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ನಿಂಬೆರಸ ಇದಕ್ಕೆ ತದ್ವಿರುದ್ಧ. ಸೊಪ್ಪಿನ ಎಸರಿಗೆ ನಾಲ್ಕು ಹನಿ ಹಿಂಡಿದರೆ ಅದೇ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಏನು ಬಡಿಸುವುದು ಎಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಿಲ್ಲ. ರಾಗಿ ನಮ್ಮಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣಾಂಶ, ಅಂದರೆ ಮೂಳೆ ಕಟ್ಟುವ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಐದು ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು 550 ಮಿಲಿಗ್ರಾಂ. 50 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ ಅದರ ಮೂರನೆಯ ಒಂದು ಭಾಗವನ್ನು ಒದಗಿಸುತ್ತದೆ. ಈಗಿನ ಮಕ್ಕಳು ಹಿಟ್ಟು ಉಣ್ಣುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಆದರೆ ನಾವು ಮರೆಯುವ ಸಂಗತಿಯೆಂದರೆ, ಮುದ್ದೆ ಉಣ್ಣುವುದು ಕಲಿಯಬೇಕಾದ ವಿದ್ಯೆ. ಅನ್ನ, ದೋಸೆ, ಬಿಸ್ಕತ್ತು ಎಲ್ಲವನ್ನೂ ಅಗಿದು ತಿನ್ನು ಎಂದು ಕಲಿಸಿದ ಮಗುವಿನ ಮುಂದೆ ಒಂದು ದಿನ ಮುದ್ದೆ ಇಟ್ಟು, ಇದನ್ನು ಅಗಿಯಬೇಡ, ನುಂಗು ಎನ್ನುತ್ತೇವೆ. ಅದು ಅಗಿಯುತ್ತದೆ, ಹಿಟ್ಟು ಹಲ್ಲಿಗೆ, ಅಂಗುಳಿಗೆ ಅಂಟುತ್ತದೆ, ಉಗುಳುತ್ತದೆ. ಇದರಲ್ಲಿ ಮಗುವಿನದು ಏನೂ ತಪ್ಪಿಲ್ಲ.

ಹಳೆಯ ಮನೆಗಳಲ್ಲಿ ಇದನ್ನು ಹಂತ ಹಂತವಾಗಿ ದಾಟಿಸುತ್ತಿದ್ದರು. ಆರು ತಿಂಗಳು ತುಂಬಿದ ಮೇಲೆ, ತಾಯಿಯ ಹಾಲಿನ ಜೊತೆಗೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿ ವಸ್ತ್ರಗಾಳಿತ ಮಾಡಿದ ರಾಗಿಯ ಸರಿ. ಮೊಳಕೆ ಬಂದಾಗ ರಾಗಿಯೊಳಗೆ ಅಮೈಲೇಸ್ ಎಂಬ ಕಿಣ್ವ, ಎಂದರೆ ಪಿಷ್ಟವನ್ನು ಒಡೆಯುವ ರಸ, ಹೆಚ್ಚುತ್ತದೆ. ಅದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದೆ ತೆಳ್ಳಗೇ ಇರುತ್ತದೆ, ಪುಟ್ಟ ಹೊಟ್ಟೆಗೆ ಸ್ವಲ್ಪದರಲ್ಲೇ ಹೆಚ್ಚು ಸತ್ವ ಸೇರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಮಾಡಿದ ಕೆಲಸ ನಮ್ಮ ಅಜ್ಜಿಯರ ಈ ಪದ್ಧತಿಗೆ ವಿವರಣೆ ಕೊಟ್ಟಿತು. ವರ್ಷ ತುಂಬಿದ ಮೇಲೆ ಮುದ್ದೆಯ ಚೂರನ್ನು ಎಸರಿನಲ್ಲಿ ಕಿವುಚಿ ಕೊಡುವುದು. ಆಮೇಲೆ ಕಡಲೆ ಗಾತ್ರದ ಉಂಡೆ, ತುಪ್ಪ ಸವರಿ, ಸಾರಿನಲ್ಲಿ ಅದ್ದಿ. ಮಗು ಅದನ್ನು ಸ್ವಲ್ಪ ಅಗಿದರೂ ಅಗಿಯಲಿ, ತಪ್ಪೇನಿಲ್ಲ. ನಾಲ್ಕೈದು ವರ್ಷದ ಹೊತ್ತಿಗೆ ತನ್ನದೇ ಪುಟ್ಟ ಮುದ್ದೆ, ತನ್ನದೇ ತಟ್ಟೆ. ಅಪ್ಪ ತೊಡೆಯ ಪಕ್ಕ ಕೂರಿಸಿಕೊಂಡು ತಾನು ಹೇಗೆ ಮುರಿದು, ಉರುಟಿ, ಅದ್ದಿ ನುಂಗುತ್ತೇನೆಂದು ತೋರಿಸಿದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಕ್ಕಳು ಉಣ್ಣುವುದನ್ನು ಕಲಿಯುವುದು ಉಣ್ಣುವವರನ್ನು ನೋಡಿ. ಒಬ್ಬಂಟಿಯಾಗಿ ಕೂರಿಸಿ, ನಾವು ಉಣ್ಣದೆ ಅದರ ಬಾಯಿಯನ್ನೇ ನೋಡುತ್ತಿದ್ದರೆ ಅದಕ್ಕೆ ಪರೀಕ್ಷೆಗೆ ಕೂತಂತೆ ಆಗುತ್ತದೆ.

ಸೊಪ್ಪಿನ ವಿಷಯವೂ ಹೀಗೇ. ಹೊಸ ರುಚಿ ನಾಲಿಗೆಗೆ ಒಗ್ಗಲು ಎಂಟರಿಂದ ಹದಿನೈದು ಸಲ ಮುಂದೆ ಬರಬೇಕಾಗುತ್ತದೆ. ನಾವು ಮೂರು ಸಲಕ್ಕೆ ಕೈಬಿಟ್ಟು, ನಮ್ಮ ಕೂಸಿಗೆ ಸೊಪ್ಪು ಆಗಲ್ಲ ಎಂದು ತೀರ್ಮಾನಿಸುತ್ತೇವೆ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇರಲಿ. ತಿನ್ನು ಎನ್ನಬೇಡಿ, ತಿಂದರೆ ಚಪ್ಪಾಳೆಯೂ ಬೇಡ. ಉಪ್ಪೆಸರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು ಕಾಳು ಬೇಯಿಸಿದ ಎಸರು ಒಂದು ಕಡೆ, ಖಾರ ಇನ್ನೊಂದು ಕಡೆ. ಮಗುವಿಗೆ ಖಾರವಿಲ್ಲದ ಎಸರು, ದೊಡ್ಡವರಿಗೆ ಖಾರ ಕದಡಿದ ಎಸರು, ಬೇರೆ ಅಡುಗೆಯ ಗೋಜಿಲ್ಲ. ಬೆರಕೆ ಸೊಪ್ಪು ಬಿಡಿಸುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಣ್ಣೆ ಯಾವುದು, ಗಣಿಕೆ ಯಾವುದು, ಕೀರೆ ಯಾವುದು ಎಂದು ಬೆರಳಲ್ಲಿ ಮುಟ್ಟಿ ಗುರುತಿಸಿದ ಸೊಪ್ಪು ತಟ್ಟೆಯಲ್ಲಿ ಅಪರಿಚಿತವಾಗಿ ಉಳಿಯುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮನೆಗಳಲ್ಲಿ ಮಕ್ಕಳು ದೊಡ್ಡವರ ಹಿಂದೆ ನಡೆಯುತ್ತಲೇ ಸೊಪ್ಪು, ಗೆಣಸು ಕಲಿಯುತ್ತಾರೆ. ಬಯಲಿನ ನಮ್ಮ ಮಕ್ಕಳಿಗೆ ಹಿತ್ತಲಿನ ನುಗ್ಗೆಮರವಾದರೂ ಇದೆ.

ಆಹಾರ ಕೆಡದಂತೆ ನೋಡಿಕೊಳ್ಳುವ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬೇಯಿಸಿದ ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಬೆಂದರೂ ಸಾಯದೆ ಉಳಿದಿರಬಹುದು. ಅನ್ನ ಬೆಚ್ಚಗಿನ ಮನೆಯಲ್ಲಿ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಚಿತ್ರಾನ್ನವನ್ನು ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಮಧ್ಯಾಹ್ನದವರೆಗೆ ಅದು ಉಗುರುಬೆಚ್ಚಗೆ ಬೆವರುತ್ತಾ ಇರುತ್ತದೆ, ಅದೇ ಅವುಗಳಿಗೆ ಹಿತ. ಅಗಲ ತಟ್ಟೆಯಲ್ಲಿ ಹರಡಿ, ಆರಿಸಿ, ಆಮೇಲೆ ತುಂಬಿ. ಬೇಸಿಗೆಯಲ್ಲಿ ಕಾಯಿತುರಿಯ ಅಡುಗೆ ಡಬ್ಬಿಗೆ ಬೇಡ. ಹುಳಿ ಬಂದ ಅಂಬಲಿಯ ಕಥೆ ಬೇರೆ, ಅದರ ಹುಳಿಯೇ ಕೆಟ್ಟ ಸೂಕ್ಷ್ಮಜೀವಿಗಳಿಗೆ ತಡೆ. ರಾತ್ರಿ ಉಳಿದ ಸಾರನ್ನು ಬೆಳಗ್ಗೆ ಕೊತಕೊತ ಕುದಿಸಿ, ಒಂದೇ ಸಲ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪು ಹಾಕಿ ಕೈತೊಳೆಯುವುದನ್ನು ಮಗುವಿಗೆ ಹೇಳುವ ಬದಲು ಜೊತೆಗೆ ನಿಂತು ನಾವೂ ತೊಳೆದರೆ ಅದು ಅಭ್ಯಾಸವಾಗುತ್ತದೆ.

ಜಾತ್ರೆಯ ಬಣ್ಣದ ತಿಂಡಿಗಳ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬೆಟ್ಟದ ಜಾತ್ರೆಗೋ ಕೊಳ್ಳೇಗಾಲದ ಪೇಟೆಗೋ ಹೋದಾಗ ಮಗುವಿಗೆ ಬಿಳಿಯ ಮಿಠಾಯಿ ಕೊಡಿಸಿ, ಬೇಯಿಸಿದ ಜೋಳ ಕೊಡಿಸಿ. ಕಣ್ಣು ಕುಕ್ಕುವ ಗುಲಾಬಿ, ಕಣ್ಣು ಕುಕ್ಕುವ ಕೆಂಪು ಬೇಡ.

ಇಷ್ಟೆಲ್ಲ ಮಾಡಿಯೂ ಮಗು ಸರಿಯಾಗಿ ತಿನ್ನುತ್ತಿದೆಯೇ ಎಂದು ತಿಳಿಯುವುದು ಹೇಗೆ? ತಟ್ಟೆ ನೋಡಿ ಅಲ್ಲ, ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡಿ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿ, ಚುಕ್ಕಿ ಹಾಕಿಸಿ. ಚುಕ್ಕಿಗಳು ಗೆರೆಯ ಜೊತೆ ಜೊತೆಗೆ ಮೇಲೇರುತ್ತಿದ್ದರೆ ಮಗು ತೆಳ್ಳಗಿದ್ದರೂ ಚೆನ್ನಾಗಿದೆ. ಪಕ್ಕದ ಮನೆಯ ದುಂಡು ಮಗುವಿನ ಜೊತೆ ಹೋಲಿಸಬೇಡಿ, ಅದರ ಅಪ್ಪ ಅಮ್ಮನ ಮೈಕಟ್ಟೇ ಬೇರೆ. ಚುಕ್ಕಿ ಎರಡು ಮೂರು ತಿಂಗಳು ನಿಂತಲ್ಲೇ ನಿಂತರೆ, ಇಲ್ಲವೆ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆಯನ್ನು ಅಂಗನವಾಡಿಯ ಬಣ್ಣದ ಪಟ್ಟಿಯಲ್ಲಿ ಅಳೆಯುತ್ತಾರೆ. 12.5 ಸೆಂ.ಮೀ. ಮೇಲಿದ್ದರೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪು ಬಂದರೆ ಅದು ತೀವ್ರ ಅಪೌಷ್ಟಿಕತೆ, ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಮಗುವಿನ ಜೊತೆ ತಾಯಿಯನ್ನೂ ಉಳಿಸಿಕೊಂಡು ಆರೈಕೆ ಮಾಡುತ್ತಾರೆ. ಪಾದದಲ್ಲಿ ಊತ, ಬಿಡದ ಭೇದಿ, ಪದೇ ಪದೇ ಜ್ವರ, ನುಂಗುವಾಗ ಕೆಮ್ಮು, ಆಟದಲ್ಲೂ ಆಸಕ್ತಿಯಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ವೈದ್ಯರಲ್ಲಿಗೆ ಹೋಗುವ ಮುನ್ನ ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಬಾಯಿಗೆ ಹೋದದ್ದೆಲ್ಲ, ಹೊತ್ತಿನ ಸಮೇತ. ಅಜ್ಜಿಯ ಟೀ, ಪಕ್ಕದ ಮನೆಯ ಬನ್ನು, ಅಂಗಡಿಯವನು ಚಿಲ್ಲರೆಯ ಬದಲಿಗೆ ಕೊಟ್ಟ ಚಾಕಲೇಟು, ಎಲ್ಲವೂ ಇರಲಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಬರೆದುಕೊಡಲಿ. ಎಷ್ಟೋ ತಾಯಂದಿರು ಎರಡನೆಯ ದಿನದ ಸಂಜೆಗೇ ಆ ಚೀಟಿ ಓದಿ, ಹನ್ನೊಂದೂವರೆಯ ಪ್ಯಾಕೆಟ್ಟಿನ ಮೇಲೆ ಬೆರಳಿಡುತ್ತಾರೆ.